ಓಯ್ಲಿ ಆರಿಸದೆ ಬಿಟ್ಟ ಒಲೆ

ಒಂದೇ ಪೇಟೆಯಲ್ಲಿ, ಐದು ನಿಮಿಷದ ಅಂತರದಲ್ಲಿ ದುಡಿದುಕೊಂಡು, ನಲವತ್ತೊಂದು ವರ್ಷ ಒಬ್ಬಳಿಗೆ ಮುಖ ಕೊಡದೆ ಓಡಾಡುವುದು ಸುಲಭದ ಮಾತಲ್ಲ. ಓಯ್ಲಿ ರಾಯ್ಸನೆನ್ ಅದನ್ನು ಸಾಧಿಸಿದ್ದಳು.

ಫಿನ್ಲೆಂಡಿನ ಕುವೊಪಿಯೊ ಊರಿನ ಸಂತೆಚೌಕದ ಮೇಲುಗಡೆ ಅವಳ ಟೋಪಿ ಅಂಗಡಿ. ಬೆಳಿಗ್ಗೆ ರೊಟ್ಟಿ ತರಲು ಹೊರಟರೆ ಹತ್ತಿರದ ಓಣಿಯನ್ನು ಬಿಟ್ಟು, ಔಷಧಿ ಅಂಗಡಿಯ ಮೂಲೆ ಸುತ್ತಿಕೊಂಡು ಹೋಗುತ್ತಿದ್ದಳು. ಚಳಿಗಾಲದಲ್ಲಿ ಆ ಮೂಲೆಯಲ್ಲಿ ಮಂಜು ಗಟ್ಟಿಯಾಗಿ ಗಾಜಿನಂತಾಗುತ್ತದೆ. ಎರಡು ಸಲ ಜಾರಿ ಬಿದ್ದು ಒಮ್ಮೆ ಮುಂಗೈ ಮುರಿದುಕೊಂಡಿದ್ದಳು. ಆದರೂ ದಾರಿ ಬದಲಿಸಲಿಲ್ಲ. ಏಕೆಂದರೆ ಆ ಓಣಿಯಲ್ಲಿ, ಎರಡು ಬೀದಿಗಳ ಹಿತ್ತಿಲ ನಡುವೆ ಹಾದುಹೋಗುವ ಕಲ್ಲುಹಾಸಿನ ಕಿರುದಾರಿಯಲ್ಲಿ, ತೆರ್ತು ವೆಪ್ಸಲೈನೆನ್ ಎಂಬಾಕೆಯ ಉಣ್ಣೆನೂಲು ಮತ್ತು ಗುಂಡಿಗಳ ಅಂಗಡಿ ಇತ್ತು.

ಮಾರುಕಟ್ಟೆಯ ಒಳಗೆ ಎಂದಾದರೂ ಇಬ್ಬರೂ ಒಟ್ಟಿಗೆ ಸಿಕ್ಕಿಬಿದ್ದರೆ, ಓಯ್ಲಿ ಮಂಜುಗಡ್ಡೆಯ ಮೇಲೆ ಮಲಗಿದ ಮೀನುಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗುತ್ತಿದ್ದಳು. ತೆರ್ತು ತಲೆಯಾಡಿಸಿ ಮುಂದೆ ಹೋಗುತ್ತಿದ್ದಳು. ಟೋಪಿಗೆ ರಿಬ್ಬನ್ ಬೇಕೆಂದು ಬಂದವರನ್ನೆಲ್ಲ ಓಯ್ಲಿ ತೆರ್ತುವಿನ ಅಂಗಡಿಗೇ ಕಳಿಸುತ್ತಿದ್ದಳು. ತನ್ನಲ್ಲೇ ರಿಬ್ಬನ್ ಇದ್ದಾಗಲೂ ಕಳಿಸುತ್ತಿದ್ದಳು. ಪ್ರತಿ ಕ್ರಿಸ್‌ಮಸ್‌ಗೂ ಹೂವಿನ ಅಂಗಡಿಯವಳ ಕೈಯಲ್ಲಿ ಹೆಸರಿಲ್ಲದ ಒಂದು ಹೂಕುಂಡ ಆ ಓಣಿಗೆ ಹೋಗುತ್ತಿತ್ತು. ಇಷ್ಟು ಮಾಡಿದ ಮೇಲೆ ಒಂದೆರಡು ದಿನ ಓಯ್ಲಿಗೆ ಚೆನ್ನಾಗಿ ನಿದ್ದೆ ಬರುತ್ತಿತ್ತು. ಆಮೇಲೆ ಮತ್ತೆ ಅದೇ.

ನಡೆದದ್ದು ಇಷ್ಟು. ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ ಆ ಟೋಪಿ ಅಂಗಡಿ ಲೂದಿಯಾ ಹಾರ್ಟಿಕೈನೆನ್ ಎಂಬ ಹಿರಿಯ ಹೆಂಗಸಿನದಾಗಿತ್ತು. ಅವರ ಕೈಕೆಳಗೆ ಇಬ್ಬರು. ಇಪ್ಪತ್ತೇಳರ ತೆರ್ತು, ಆರು ವರ್ಷ ಪಳಗಿದ ಕೈ. ಇಪ್ಪತ್ನಾಲ್ಕರ ಓಯ್ಲಿ, ಇನ್ನೂ ಎರಡನೆಯ ವರ್ಷ. ಮಕ್ಕಳಿಲ್ಲದ ಲೂದಿಯಾ ಅಂಗಡಿಯನ್ನು ತೆರ್ತುವಿಗೇ ಬಿಟ್ಟುಕೊಡುತ್ತಾರೆಂದು ಪೇಟೆಗೆಲ್ಲ ಗೊತ್ತಿತ್ತು. ಓಯ್ಲಿಗೂ ಗೊತ್ತಿತ್ತು, ಅವಳಿಗೆ ಅದರಲ್ಲಿ ಹೊಟ್ಟೆಕಿಚ್ಚೇನೂ ಇರಲಿಲ್ಲ. ಇದನ್ನು ಅವಳು ಆಮೇಲೆ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಳು.

ಟೋಪಿಯ ಉಣ್ಣೆಬಟ್ಟೆಯನ್ನು ಹಬೆಗೆ ಹಿಡಿದು ಮೆತ್ತಗೆ ಮಾಡಿ ಮರದ ಅಚ್ಚಿನ ಮೇಲೆ ಎಳೆಯಬೇಕು. ಅದಕ್ಕಾಗಿ ಹಿಂದಿನ ಕೋಣೆಯಲ್ಲಿ ಒಂದು ವಿದ್ಯುತ್ ಒಲೆ, ಅದರ ಮೇಲೆ ಕೆಟಲು. ಅಕ್ಟೋಬರಿನ ಒಂದು ಶುಕ್ರವಾರ ಸಂಜೆ ಐದಕ್ಕೆ ತೆರ್ತು ಎಂದಿನಂತೆ ಒಲೆ ಆರಿಸಿ, ಮುಂದಿನ ಗಾಜಿನ ಪೆಟ್ಟಿಗೆ ಜೋಡಿಸಲು ಹೋದಳು. ಓಯ್ಲಿ ಕೋಟು ಹಾಕಿಕೊಂಡಾಗಿತ್ತು. ಆಗ ನೆನಪಾಯಿತು: ಪಾದ್ರಿಯ ಹೆಂಡತಿಯ ಬೂದು ಟೋಪಿಯ ಅಂಚು ಸೊಟ್ಟಗಿದೆ, ಬೆಳಿಗ್ಗೆ ಬರುತ್ತಾರೆ. ಎರಡೇ ನಿಮಿಷವೆಂದು ಒಲೆ ಹಚ್ಚಿ, ಅಂಚನ್ನು ಹಬೆಗೆ ಹಿಡಿದು ಸರಿಮಾಡಿದಳು. ಹೊರಗೆ ಗೆಳತಿಯರು ಕಿಟಕಿ ತಟ್ಟಿ, "ಏ ಓಯ್ಲಿ, ಬಸ್ಸು ಹೋಗುತ್ತೆ, ಬಾರೇ!" ಎಂದು ಕೂಗಿದರು. ಹಿಂಬಾಗಿಲಿನಿಂದ ಓಡಿದಳು. ತೆರ್ತು ಮುಂಬಾಗಿಲಿಗೆ ಬೀಗ ಹಾಕಿಕೊಂಡು ಮನೆಗೆ ಹೋದಳು.

ಜೀವಕ್ಕೇನೂ ಅಪಾಯವಾಗಲಿಲ್ಲ. ಪಕ್ಕದ ಬೇಕರಿಯವರು ಹೊಗೆ ಕಂಡು ಅಗ್ನಿಶಾಮಕದವರನ್ನು ಕರೆದರು. ಆದರೆ ಹಿಂದಿನ ಕೋಣೆ ಪೂರಾ ಹೋಯಿತು. ಲೂದಿಯಾ ಅವರ ತಾಯಿಯ ಕಾಲದ ಎಪ್ಪತ್ತು ಮರದ ಅಚ್ಚುಗಳು ಇದ್ದಿಲಾದವು.

ಮರುದಿನ ಆ ಮಸಿಯ ನಡುವೆ ನಿಂತು ಲೂದಿಯಾ ಕೇಳಿದರು:

"ಒಲೆ ಆರಿಸಿದ್ದು ಯಾರು?"

"ನಾನು ಅಮ್ಮಾವ್ರೇ," ಎಂದಳು ತೆರ್ತು. "ಆರಿಸಿದ್ದೆ ಅಂತಾನೇ ನೆನಪು."

"ನೆನಪೋ, ಗೊತ್ತೋ?"

ತೆರ್ತು ತನ್ನ ಬೆರಳುಗಳನ್ನು ನೋಡಿಕೊಂಡಳು. ಓಯ್ಲಿ ಒದ್ದೆ ಪೊರಕೆ ಹಿಡಿದು ಮೂರು ಮಾರು ದೂರದಲ್ಲಿ ನಿಂತಿದ್ದಳು. ಒಂದು ಮಾತು ಸಾಕಿತ್ತು. ಇವತ್ತು ಇವರು ಸಿಟ್ಟಿನಲ್ಲಿದ್ದಾರೆ, ನಾಳೆ ಹೇಳೋಣ ಎಂದುಕೊಂಡಳು.

ಮರುದಿನ ತೆರ್ತುವಿನ ಅಪ್ಪ ಬಂದ. ಸರೋವರದಲ್ಲಿ ಮರದ ದಿಮ್ಮಿ ತೇಲಿಸುವ ಕೆಲಸದವನು, ಇಗರ್ಜಿಗೆ ಹಾಕುವ ಕಪ್ಪು ಕೋಟು ತೊಟ್ಟು ಬಂದಿದ್ದ. ಮಗಳ ತಪ್ಪಿಗೆ ಕ್ಷಮೆ ಕೇಳಿದ. ಲೂದಿಯಾ ಅವನನ್ನು ಕೂರಿಸಿ, "ಓಯ್ಲಿ, ಇವರಿಗೆ ಕಾಫಿ ಕೊಡು," ಎಂದರು. ಓಯ್ಲಿ ಕೊಟ್ಟಳು. ಅವನು "ಥ್ಯಾಂಕ್ಸ್ ಮಗಳೇ," ಎಂದ. ಆ ಮಾತಿನ ನಂತರ ಹೇಳುವುದು ಇನ್ನೂ ಕಷ್ಟವಾಯಿತು. ವಾರದ ನಂತರ ಇನ್ನಷ್ಟು. ವರ್ಷದ ಹೊತ್ತಿಗೆ ಅದು ಅವಳ ಮೈಯ ಒಂದು ಅಂಗವೇ ಆಗಿಬಿಟ್ಟಿತ್ತು.

ತೆರ್ತುವಿಗೆ ಕೆಲಸ ಹೋಯಿತು. ಪೇಟೆಯಲ್ಲಿ ಬೇರೆ ಯಾರೂ ಕರೆಯಲಿಲ್ಲ. ಎಂಟು ವರ್ಷ ಸಂತೆಚೌಕದಲ್ಲಿ ಬಿಸಿಲು ಹಿಮ ಎನ್ನದೆ ತಾನೇ ಹೆಣೆದ ಕೈಗವಸು ಮಾರಿದಳು; ಆಮೇಲೆ ಆ ಓಣಿಯಲ್ಲಿ ಚಿಕ್ಕ ಅಂಗಡಿ ಮಾಡಿಕೊಂಡಳು. ಲೂದಿಯಾ ಕೆಲಸವನ್ನೆಲ್ಲ ಓಯ್ಲಿಗೆ ಕಲಿಸಿದರು. ತೊಂಬತ್ತೊಂದರಲ್ಲಿ ತೀರಿಕೊಳ್ಳುವ ಮುಂಚೆ ಅಂಗಡಿಯನ್ನೂ ಅವಳ ಹೆಸರಿಗೇ ಬರೆದುಕೊಟ್ಟರು. "ನೀನು ಜವಾಬ್ದಾರಿಯ ಹುಡುಗಿ," ಎಂದು ಅವಳ ಕೈ ಹಿಡಿದು ಹೇಳಿದ್ದರು.

ಎರಡು ಸಾವಿರದ ಹತ್ತೊಂಬತ್ತರ ವಸಂತದಲ್ಲಿ, ಪೇಟೆ ವರ್ತಕರ ಸಂಘದ ಕಾರ್ಯದರ್ಶಿ ಪಿಲ್ವಿ ಎಂಬ ಚುರುಕಿನ ಹೆಂಗಸು ಟೋಪಿ ಅಂಗಡಿಗೆ ಬಂದಳು. ಪ್ರತಿ ಮೇ ತಿಂಗಳಲ್ಲಿ ಸಂಘದವರು ಊರಿನವರನ್ನು ಅಂಗಡಿಯಿಂದ ಅಂಗಡಿಗೆ ಕರೆದುಕೊಂಡು ಸುತ್ತಿಸುವ ಒಂದು ನಡಿಗೆ ಇಟ್ಟುಕೊಳ್ಳುತ್ತಾರೆ.

"ಓಯ್ಲಿ, ಈ ಸಲ ನೀವೇ ಮುಂದೆ ನಡೀಬೇಕು. ಶರತ್ಕಾಲಕ್ಕೆ ಅಂಗಡಿ ಮುಚ್ತೀರಂತಲ್ಲ. ಈ ಬೀದೀಲಿ ನಿಮ್ಮಷ್ಟು ಹಳಬರು ಇನ್ಯಾರಿದ್ದಾರೆ?"

"ನನಗೆ ಮಾತಾಡೋಕೆ ಬರಲ್ಲ."

"ಟೋಪಿ ಮಾರೋವಾಗ ಬರುತ್ತಲ್ಲ! ಹತ್ತು ಅಂಗಡಿ ಅಷ್ಟೆ. ಗಡಿಯಾರದವರು, ಚಾಕು ಸಾಣೆಯವರು, ಬೇಕರಿ, ತೆರ್ತುವಿನ ಗುಂಡಿ ಅಂಗಡಿ…"

ಓಯ್ಲಿಯ ಕೈಯಲ್ಲಿದ್ದ ಬ್ರಷ್ಷು ನಿಂತಿತು. "ಅದು ಚಿಕ್ಕ ಅಂಗಡಿ. ಅಷ್ಟು ಜನ ಹಿಡಿಯಲ್ಲ."

"ತೆರ್ತು ಆಗಲೇ ಒಪ್ಪಿದ್ದಾಳೆ. ನೀವು ಬರ್ತೀರಿ ಅಂದಾಗ ನಕ್ಕುಬಿಟ್ಟಳು. ‘ಓಹೋ, ಓಯ್ಲಿಗೆ ದಾರಿ ಗೊತ್ತಿದೆಯಾ?’ ಅಂದಳು."

ಓಯ್ಲಿ ಅವಳ ಕೈಯಿಂದ ಅಂಗಡಿಗಳ ಹೆಸರಿನ ಚೀಟಿ ತೆಗೆದುಕೊಂಡಳು.

ಶನಿವಾರ ಬಿಸಿಲು ಚೆನ್ನಾಗಿತ್ತು. ಹದಿನೆಂಟು ಜನ ಸೇರಿದರು. ಅವರಲ್ಲಿ ಕಾಲೆರ್ವೊ ಎಂಬ ನಿವೃತ್ತ ಬಸ್ ಚಾಲಕನೂ ಇದ್ದ; ಪ್ರತಿ ವರ್ಷವೂ ತಪ್ಪದೆ ಬಂದು, ರುಚಿ ನೋಡಲು ಇಟ್ಟದ್ದನ್ನೆಲ್ಲ ಎರಡು ಸಲ ರುಚಿ ನೋಡುವವನು. ಹೊರಟ ಗಳಿಗೆಯಲ್ಲೇ ಅವನು ಎಲ್ಲರಿಗೂ ಕೇಳುವಂತೆ ಹೇಳಿದ: "ಊರಿಗೆಲ್ಲ ಟೋಪಿ ಹಾಕಿದವಳು ನಮ್ಮ ಓಯ್ಲಿ! ನನ್ನ ಮದುವೇಲಿ ನನಗೂ ಹಾಕಿದಾಳೆ!"

ಎಲ್ಲರೂ ನಕ್ಕರು. ಓಯ್ಲಿ ಬೇಗಬೇಗ ಮುಂದೆ ನಡೆದಳು.

ಗಡಿಯಾರದವನ ಅಂಗಡಿಯಲ್ಲಿ ಒಂದೊಂದು ಗಡಿಯಾರ ಒಂದೊಂದು ಸಮಯ ತೋರಿಸುತ್ತಿತ್ತು. "ಯಾವುದು ಸರಿ?" ಎಂದರೆ, "ಇರಬಹುದು ಯಾವುದೋ ಒಂದು," ಎಂದು ಅವನು ಹೌದೂ ಅನ್ನದ, ಇಲ್ಲವೂ ಅನ್ನದ ಆ ಸೀಮೆಯವರ ಉತ್ತರವನ್ನೇ ಕೊಟ್ಟ. ಬೇಕರಿಯಲ್ಲಿ ಮೀನು ತುಂಬಿ ಬೇಯಿಸಿದ ಕಪ್ಪು ರೊಟ್ಟಿಯನ್ನು ಕತ್ತರಿಸಿ ಹಂಚಿದರು. ಓಯ್ಲಿ ಒಂದೊಂದು ಬಾಗಿಲಲ್ಲೂ ನಿಂತು, ಯಾವುದು ಯಾವ ವರ್ಷ ಶುರುವಾಯಿತು, ಯಾರ ಮಗಳು ಯಾರನ್ನು ಮದುವೆಯಾಗಿ ಬಂದಳು ಎಂದು ಹೇಳುತ್ತ ಹೋದಳು. ತಾನೇ ಕೇಳಿಸಿಕೊಂಡರೆ ಬೇರೆ ಯಾರೋ ಮಾತಾಡುತ್ತಿದ್ದಂತಿತ್ತು. ಓಣಿಯ ಬಾಯಿಗೆ ಬಂದಾಗ ಅವಳು ಚೀಟಿ ನೋಡುವವಳಂತೆ ನಿಂತಳು. ಕಾಲೆರ್ವೊ ಹಿಂದಿನಿಂದ, "ನಡಿಯಮ್ಮ, ಬಸ್ಸು ನಿಂತುಬಿಟ್ಟರೆ ಹಿಂದಿನವರು ಏನ್ಮಾಡ್ಬೇಕು?" ಎಂದ.

ತೆರ್ತುವಿನ ಅಂಗಡಿ ಅಚ್ಚುಕಟ್ಟಾಗಿತ್ತು. ಗೋಡೆ ತುಂಬ ಸಣ್ಣ ಸಣ್ಣ ಸೆಳೆಖಾನೆಗಳು, ಪ್ರತಿಯೊಂದರ ಮೇಲೂ ಒಳಗಿರುವ ಗುಂಡಿಯ ಮಾದರಿಯನ್ನೇ ಅಂಟಿಸಿತ್ತು. ಅರವತ್ತೆಂಟರ ತೆರ್ತು ಬಿಳಿಗೂದಲನ್ನು ಗಿಡ್ಡಗೆ ಕತ್ತರಿಸಿಕೊಂಡಿದ್ದಳು. ಹಿಮಸಾರಂಗದ ಕೊಂಬಿನ ಗುಂಡಿ, ಹಳೆಯ ಸೈನಿಕರ ಕೋಟಿನ ಗುಂಡಿ ಎಂದು ಒಂದೊಂದನ್ನೂ ಅಂಗೈಯಲ್ಲಿಟ್ಟು ತೋರಿಸಿದಳು. ಜನಕ್ಕೆ ಅವಳು ಬಹಳ ಹಿಡಿಸಿದಳು.

"ಎಲ್ಲ ಚೆನ್ನಾಗಿದೆ," ಎಂದ ಕಾಲೆರ್ವೊ. "ಕಾಫಿ ಎಲ್ಲಿ?"

"ಕಾಫಿ ಇಲ್ಲ."

"ಮುಗಿದುಹೋಯ್ತಾ?"

"ಇರಲೇ ಇಲ್ಲ. ಈ ಅಂಗಡೀಲಿ ಬಿಸಿಯಾಗೋ ಸಾಮಾನು ಒಂದೂ ಇಲ್ಲ. ನಾನು ಕುಡಿಯೋದನ್ನ ಮನೆಯಿಂದ ಫ್ಲಾಸ್ಕಲ್ಲಿ ತರ್ತೀನಿ."

"ಫಿನ್ಲೆಂಡಲ್ಲಿ ಕಾಫಿ ಇಲ್ಲದ ಅಂಗಡಿ! ಪೊಲೀಸರಿಗೆ ಹೇಳ್ಬೇಕಾಗುತ್ತೆ ನೋಡು."

"ಪೊಲೀಸರಿಗೆ ನಾನು ಹಳೇ ಪರಿಚಯ ಕಣೋ. ಓಯ್ಲಿ ಹೇಳ್ಲಿಲ್ವಾ? ಒಲೆ ಆರಿಸೋದು ಮರೆತು ಟೋಪಿ ಅಂಗಡಿ ಸುಟ್ಟ ಮಹಾತಾಯಿ ನಾನೇ. ಅವತ್ತಿಂದ ಒಲೆಗೂ ನನಗೂ ಮಾತಿಲ್ಲ."

ಅವಳು ಅದನ್ನು ನಗೆಚಾಟಿಕೆಯಂತೆಯೇ ಹೇಳಿದಳು. ಅಷ್ಟು ವರ್ಷ ಹೇಳಿ ಹೇಳಿ ನಯವಾದ ಮಾತು. ಎಲ್ಲರೂ ನಕ್ಕರು. ಓಯ್ಲಿಯೂ ನಕ್ಕಳು.

ತನ್ನ ಬಾಯಿಂದ ಬಂದ ಆ ನಗು ಅವಳ ಕಿವಿಗೇ ಬಿತ್ತು. ಇಷ್ಟು ದಿನ ಅವಳು ಅಂದುಕೊಂಡಿದ್ದೇ ಬೇರೆ. ತೆರ್ತುವಿಗೆ ತಾನು ಒಲೆ ಆರಿಸಿದ್ದು ಗೊತ್ತಿದೆ, ಊರು ತಪ್ಪು ತಿಳಿದಿದೆ ಎಂಬ ನೋವು ಅವಳಿಗಿದೆ, ಒಳಗೊಳಗೇ ಓಯ್ಲಿಯ ಮೇಲೆ ಗುಮಾನಿಯೂ ಇರಬಹುದು, ಹೀಗೆ. ತೆರ್ತು ತನ್ನ ಕೈಯನ್ನೇ ನಂಬದೆ, ಒಂದು ಕೆಟಲನ್ನೂ ಹತ್ತಿರ ಸೇರಿಸದೆ ಬದುಕಿದ್ದಾಳೆಂದು ಅವಳಿಗೆ ತಿಳಿದಿರಲಿಲ್ಲ.

ನಡಿಗೆ ಮಾರುಕಟ್ಟೆಯಲ್ಲಿ ಕಾಫಿಯೊಂದಿಗೆ ಮುಗಿಯಿತು. ಓಯ್ಲಿಯ ಲೋಟ ಹಾಗೆಯೇ ತಣ್ಣಗಾಯಿತು. ಪಿಲ್ವಿ ಹೊಗಳಿ ಅಪ್ಪಿಕೊಂಡಳು, ಕಾಲೆರ್ವೊ ಅವಳ ಪಾಲಿನ ಬನ್ನನ್ನೂ ತಿಂದ. ಮೂರು ಗಂಟೆಗೆ ತೆರ್ತು ಅಂಗಡಿ ಮುಚ್ಚುತ್ತಾಳೆ. ಮೂರಕ್ಕೆ ಐದು ನಿಮಿಷವಿರುವಾಗ ಓಯ್ಲಿ ಓಣಿಗೆ ಒಬ್ಬಳೇ ಹೋದಳು.

"ಏನು, ಕೊಡೆ ಮರೆತ್ಯಾ?" ಎಂದಳು ತೆರ್ತು.

"ಇಲ್ಲ. ತೆರ್ತು, ಒಲೆ ನೀನು ಆರಿಸಿದ್ದೆ."

"ಏನಂದೆ?"

"ಅವತ್ತು. ನೀನು ಆರಿಸಿ ಮುಂದೆ ಹೋದೆ. ನಾನು ಮತ್ತೆ ಹಚ್ಚಿದೆ, ಪಾದ್ರಿ ಹೆಂಡತಿ ಟೋಪಿಗೆ. ಹಾಗೇ ಬಿಟ್ಟು ಓಡಿದೆ. ಮಾರನೇ ದಿನ ಅಮ್ಮಾವ್ರು ಕೇಳಿದಾಗ ನನಗೆ ಗೊತ್ತಿತ್ತು. ಹೇಳ್ಲಿಲ್ಲ."

ತೆರ್ತು ಮೇಜಿನ ಮೇಲಿದ್ದ ಸೈನಿಕರ ಗುಂಡಿಗಳನ್ನು ಒಂದೊಂದಾಗಿ ಸೆಳೆಖಾನೆಗೆ ಹಾಕಿದಳು.

"ಕೆಟಲಲ್ಲಿ ನೀರಿತ್ತಾ?" ಎಂದು ಕೇಳಿದಳು ಕೊನೆಗೆ.

"ಸ್ವಲ್ಪ ಇತ್ತು."

"ನಾನು ಒಲೆಯ ಗುಂಡಿ ತಿರುಗಿಸಿದ್ದು ನನ್ನ ಬೆರಳಿಗೆ ನೆನಪಿತ್ತು, ಓಯ್ಲಿ. ಟಕ್ ಅಂದ ಸದ್ದೂ ನೆನಪಿತ್ತು. ಎರಡು ವರ್ಷ ನೆನಪಿತ್ತು. ಆಮೇಲೆ ಅಮ್ಮ ಅಂದಳು, ‘ಮಗಾ, ತಪ್ಪಾಗಿದ್ದನ್ನ ಒಪ್ಪಿಕೋ, ಸುಳ್ಳು ನೆನಪು ಕಟ್ಟಬೇಡ’ ಅಂತ. ಒಪ್ಕೊಂಡೆ. ಅಮ್ಮ ಹಾಗೇ ನಂಬಿಕೊಂಡು ಸತ್ತಳು. ಅಪ್ಪನೂ."

"ನನ್ನನ್ನ…"

"ಕೇಳ್ಬೇಡ." ತೆರ್ತುವಿನ ದನಿ ಏರಲಿಲ್ಲ. "ಈಗ ನೀನು ಕ್ಷಮಿಸು ಅಂದರೆ, ನಾನು ಪರವಾಗಿಲ್ಲ ಅನ್ನಬೇಕಾಗುತ್ತೆ. ಈ ಊರಲ್ಲಿ ಹಾಗೇ ತಾನೆ ಅನ್ನೋದು. ನಾನು ಅನ್ನಲ್ಲ. ಹೊರಗೆ ನಡಿ, ಬೀಗ ಹಾಕ್ಬೇಕು."

ಭಾನುವಾರ ಇಡೀ ಓಯ್ಲಿ ಸೋಫಾದ ಮೇಲೆ ಕೂತಿದ್ದಳು. ಹೇಳಿದ ಮೇಲೆ ಎದೆ ಹಗುರಾಗುತ್ತದೆಂದು ಎಲ್ಲೋ ನಂಬಿಕೊಂಡಿದ್ದಳು. ಆಗಲಿಲ್ಲ. ಮೊದಲು ಒಂದು ಮಾತು ಬಚ್ಚಿಟ್ಟ ಭಾರವಿತ್ತು. ಈಗ ಆ ಮಾತು ಏನೇನನ್ನು ತಿಂದುಹಾಕಿತೆಂದು ತಿಳಿದ ಭಾರ.

ಸೋಮವಾರ ಹತ್ತೂಮುಕ್ಕಾಲಿಗೆ ಟೋಪಿ ಅಂಗಡಿಯ ಬಾಗಿಲ ಗಂಟೆ ಸದ್ದಾಯಿತು. ತೆರ್ತು. ಅವಳು ಆ ಹೊಸ್ತಿಲು ದಾಟಿದ್ದು ನಲವತ್ತೊಂದು ವರ್ಷಗಳಲ್ಲಿ ಅದೇ ಮೊದಲು. ಸುತ್ತಲೂ ನೋಡಲಿಲ್ಲ.

"ಕೋಟು ಹಾಕ್ಕೋ. ಹೆಲ್ವಿ ಇನ್ನೂ ಬದುಕಿದಾಳೆ."

ಹೆಲ್ವಿ ತೆರ್ತುವಿನ ಅಕ್ಕ. ವಯಸ್ಸು ಎಂಬತ್ತೊಂದು, ಚೌಕದ ಆಚೆ ವೃದ್ಧರ ಆರೈಕೆ ಮನೆಯಲ್ಲಿದ್ದಳು.

"ನಮ್ಮ ಮನೆಯವರಲ್ಲಿ ಉಳಿದಿರೋದು ಅವಳೊಬ್ಬಳೇ. ನಾನು ಹೇಳಿದರೆ ನಂಬಲ್ಲ. ನೀನೇ ಹೇಳು."

ಓಯ್ಲಿ ಬಾಗಿಲಿಗೆ ‘ಈಗ ಬರುತ್ತೇನೆ’ ಎಂಬ ಹಲಗೆ ತೂಗುಹಾಕಿದಳು. ಇಬ್ಬರೂ ಪೇಟೆಯ ನಡುವೆಯೇ ನಡೆದರು. ತರಕಾರಿಯವರು, ಗಡಿಯಾರದವನು, ಬೇಕರಿಯ ಕಿಟಕಿಯೊಳಗಿನ ಹೆಂಗಸರು, ಎಲ್ಲರೂ ಕತ್ತೆತ್ತಿ ನೋಡಿದರು. ಬೆಂಕಿ ಬಿದ್ದಾಗಿನಿಂದ ಆ ಇಬ್ಬರನ್ನು ಬೀದಿಯಲ್ಲಿ ಜೊತೆಯಾಗಿ ಕಂಡವರೇ ಇರಲಿಲ್ಲ. ತೆರ್ತು ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದಳು. ಓಯ್ಲಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

ಆರೈಕೆ ಮನೆಯಲ್ಲಿ ಊಟದ ಸಮಯ. ಅಲ್ಲಿ ಹನ್ನೊಂದಕ್ಕೆಲ್ಲ ಬಡಿಸಿಬಿಡುತ್ತಾರೆ. ಹತ್ತಿಪ್ಪತ್ತು ಮುದುಕ ಮುದುಕಿಯರು ಸಾಲ್ಮನ್ ಸಾರಿನ ಮುಂದೆ ಕೂತಿದ್ದರು. ಹೆಲ್ವಿ ಕಿಟಕಿಯ ಪಕ್ಕ. ತಂಗಿಯನ್ನು ಕಂಡೊಡನೆ ಅವಳ ಮೊದಲ ಮಾತು:

"ಮನೇಲಿ ಒಲೆ ಆರಿಸಿ ಬಂದ್ಯಾ?"

ತೆರ್ತು ಓಯ್ಲಿಯ ಕಡೆ ತಿರುಗಿದಳು. "ಪ್ರತಿ ಸಲ ಕೇಳ್ತಾಳೆ. ನಲವತ್ತೊಂದು ವರ್ಷದಿಂದ."

ಓಯ್ಲಿ ಹೆಲ್ವಿಯ ಪಕ್ಕದ ಕುರ್ಚಿಯಲ್ಲಿ ಕೂತು, ಮೆಲ್ಲಗೆ, ತಡೆದು ತಡೆದು ಹೇಳಿದಳು.

"ಏನು?" ಎಂದಳು ಹೆಲ್ವಿ. "ಜೋರಾಗಿ. ಈ ಕಿವಿ ಸತ್ತಿದೆ, ಆ ಕಿವಿ ಸಾಯ್ತಾ ಇದೆ."

ಓಯ್ಲಿ ದನಿ ಏರಿಸಿದಳು.

"ಯಾವ ಟೋಪಿ? ಯಾರ ಹೆಂಡತಿ?"

ಓಯ್ಲಿ ಎದ್ದು ನಿಂತಳು. ಜೀವಮಾನವಿಡೀ ಮೆಲ್ಲಗೆ ಮಾತಾಡಿದವಳು, ಗಂಟಲು ಹರಿಯುವಂತೆ ಕೂಗಿದಳು:

"ಟೋಪಿ ಅಂಗಡಿ ಸುಟ್ಟಿದ್ದು ನಾನು! ತೆರ್ತು ಒಲೆ ಆರಿಸಿದ್ದಳು! ನಾನು ಮತ್ತೆ ಹಚ್ಚಿದೆ! ಗೊತ್ತಿದ್ದೂ ಸುಮ್ಮನಿದ್ದೆ!"

ಚಮಚಗಳೆಲ್ಲ ನಿಂತವು. ಆಚೆ ಮೇಜಿನ ಒಬ್ಬ ಮುದುಕ, "ಯಾವ ಅಂಗಡಿ ಸುಟ್ಟಳಂತೆ?" ಎಂದು ಪಕ್ಕದವಳನ್ನು ಕೇಳಿದ. ಪಕ್ಕದವಳು, "ಟೋಪಿ ಅಂಗಡಿ. ಆ ಇನ್ನೊಬ್ಬಳಲ್ಲವಂತೆ, ಇವಳಂತೆ," ಎಂದು ಅವನ ಕಿವಿಗೆ ಕೂಗಿದಳು. ಆ ಸುದ್ದಿ ಮೇಜಿನಿಂದ ಮೇಜಿಗೆ ಹಾಗೆಯೇ ಕೂಗಾಟದಲ್ಲಿ ದಾಟಿತು. ಓಯ್ಲಿ ನಡುವೆ ನಿಂತೇ ಇದ್ದಳು. ಎಲ್ಲಿ ಕೂರಬೇಕೆಂದು ತಿಳಿಯಲಿಲ್ಲ.

ಹೆಲ್ವಿ ಓಯ್ಲಿಯನ್ನು ನೋಡಲಿಲ್ಲ. ತಂಗಿಯ ಕಡೆ ತಿರುಗಿದಳು.

"ಹಾಗಾದ್ರೆ ನೀನು ಆರಿಸಿದ್ದೆ."

"ಆರಿಸಿದ್ದೆ ಅಕ್ಕ."

"ನಾನು ಇಷ್ಟು ವರ್ಷ ಕೇಳ್ತಾನೇ ಇದ್ದೆನಲ್ಲೇ."

"ಕೇಳ್ತಿದ್ದೆ."

"ಹೊಡೆದು ಬಾಯಿ ಮುಚ್ಚಿಸಬಾರದಿತ್ತಾ ನನ್ನ?"

ತೆರ್ತು ನಗಲು ಹೋಗಿ ಅತ್ತುಬಿಟ್ಟಳು. ಹೆಲ್ವಿ ತನ್ನ ಬಟ್ಟಲಿನ ಪಕ್ಕದಲ್ಲಿದ್ದ ಕಾಗದದ ಕರವಸ್ತ್ರವನ್ನು ಅವಳ ಕಡೆ ತಳ್ಳಿದಳು. ಆಮೇಲೆ ಓಯ್ಲಿಯ ಕಡೆ ತಿರುಗಿ ಕೇಳಿದಳು:

"ನಮ್ಮಪ್ಪನಿಗೆ ಕಾಫಿ ಕೊಟ್ಟ ಹುಡುಗಿ ನೀನೇನಾ? ಮನೆಗೆ ಬಂದು ಹೇಳಿದ್ದ, ಅಲ್ಲಿ ಒಬ್ಬಳು ಒಳ್ಳೆ ಹುಡುಗಿ ಇದಾಳೆ, ಅವಳ ಕಣ್ಣಲ್ಲೂ ನೀರಿತ್ತು ಅಂತ."

ಓಯ್ಲಿ ಹೌದೆಂದು ತಲೆಯಾಡಿಸಿದಳು. ಇಷ್ಟು ದಿನಗಳಲ್ಲಿ ಅವಳಿಗೆ ಎಲ್ಲಕ್ಕಿಂತ ನಾಟಿದ ಮಾತು ಅದು.

ಸುದ್ದಿ ಊರೆಲ್ಲ ಹರಡಲು ಒಂದು ವಾರ ಬೇಕಾಗಲಿಲ್ಲ. ಪಿಲ್ವಿ ಎದುರಾದರೆ ಏನು ಮಾತಾಡುವುದೆಂದು ತಿಳಿಯದೆ ಫೋನ್ ನೋಡಿಕೊಳ್ಳುತ್ತಿದ್ದಳು. ಹಳೆಯ ಗಿರಾಕಿಗಳಲ್ಲಿ ಕೆಲವರು ಬರುವುದು ಬಿಟ್ಟರು. ಕಾಲೆರ್ವೊ ಮಾತ್ರ ಅಂಗಡಿಗೆ ಬಂದು, ಟೋಪಿ ಕೈಯಲ್ಲಿ ಹಿಡಿದು, "ನಾನು ಅವತ್ತು ಆಡಿದ ತಮಾಷೆ ಬೇಕಂತ ಆಡಿದ್ದಲ್ಲ," ಎಂದ. "ಗೊತ್ತು," ಎಂದಳು ಓಯ್ಲಿ. ಅವನು ಟೋಪಿ ತಲೆಗಿಟ್ಟುಕೊಂಡು ಹೋದ.

ತೆರ್ತು ಕ್ಷಮಿಸಲಿಲ್ಲ. ದ್ವೇಷವನ್ನೂ ತೋರಿಸಲಿಲ್ಲ. ಓಯ್ಲಿ ಈಗ ರೊಟ್ಟಿಗೆ ಹೋಗುವಾಗ ಓಣಿಯಲ್ಲೇ ಹೋಗುತ್ತಾಳೆ. ತೆರ್ತು ಒಳಗಿನಿಂದ ಕೆಲವು ದಿನ ತಲೆಯಾಡಿಸುತ್ತಾಳೆ, ಕೆಲವು ದಿನ ಇಲ್ಲ. ಓಯ್ಲಿ ಎರಡನ್ನೂ ಸಮನಾಗಿ ತೆಗೆದುಕೊಳ್ಳಲು ಕಲಿಯುತ್ತಿದ್ದಾಳೆ. ಇನ್ನೂ ಬಂದಿಲ್ಲ.

ಟೋಪಿ ಅಂಗಡಿ ಸೆಪ್ಟೆಂಬರಿನಲ್ಲಿ ಮುಚ್ಚಿತು. ಅದಕ್ಕೆ ಸ್ವಲ್ಪ ದಿನ ಮುಂಚೆ ಆರೈಕೆ ಮನೆಯಿಂದ ಫೋನ್ ಬಂತು. ಹೆಲ್ವಿಗೆ ಕಣ್ಣೂ ಮಂಜಾಗಿದೆ, ಯಾರಾದರೂ ಪತ್ರಿಕೆ ಓದಿ ಹೇಳಬೇಕಂತೆ. ದಾದಿಯರು ಓದಿದರೆ ಕೇಳಿಸುವುದಿಲ್ಲವಂತೆ. "ಆ ಕೂಗೋಳನ್ನ ಕರೀರಿ," ಅಂದಳಂತೆ.

ಹಾಗಾಗಿ ಪ್ರತಿ ಬುಧವಾರ ಓಯ್ಲಿ ಅಲ್ಲಿಗೆ ಹೋಗುತ್ತಾಳೆ. ಹಜಾರದಲ್ಲಿ ಮುದುಕರು, "ನೋಡು, ಟೋಪಿ ಅಂಗಡಿಯವಳು ಬಂದಳು," ಎಂದು ಪಿಸುಗುಟ್ಟುತ್ತಾರೆ. ಅವರ ಪಿಸುಗುಟ್ಟುವಿಕೆ ಬೀದಿಯವರೆಗೂ ಕೇಳಿಸುತ್ತದೆ. ಹೆಲ್ವಿ ಆ ವಿಷಯ ಮತ್ತೆ ಎತ್ತಿಲ್ಲ. ಅವಳಿಗೆ ಮೊದಲು ತೀರಿಕೊಂಡವರ ಪುಟ ಬೇಕು, ಆಮೇಲೆ ಹವಾಮಾನ. ಓಯ್ಲಿ ಸತ್ತವರ ಹೆಸರು, ಹುಟ್ಟಿದ ಊರು, ಉಳಿದ ಬಂಧುಗಳ ಪಟ್ಟಿ ಎಲ್ಲವನ್ನೂ ಗಟ್ಟಿಯಾಗಿ ಓದುತ್ತಾಳೆ. ಕೆಲವೊಮ್ಮೆ ದನಿ ತಗ್ಗುತ್ತದೆ.

"ಜೋರಾಗಿ," ಎನ್ನುತ್ತಾಳೆ ಹೆಲ್ವಿ, ಕಣ್ಣು ಮುಚ್ಚಿಕೊಂಡೇ.